ತೊಟ್ಟಿಯ ಹಿಡಿಸೂಡಿ ಈ ಪಾಚಿ

ಮಳೆಗಾಲ ಬಂತೆಂದರೆ ನಮ್ಮ ಉಜಿರೆ ಕಡೆಯ ಗೃಹಿಣಿಯರಿಗೆ ಒಬ್ಬನೇ ವೈರಿ: ಪಾಚಿ. ಅಂಗಳದಲ್ಲಿ ಪಾಚಿ, ಬಾವಿಕಟ್ಟೆಯಲ್ಲಿ ಪಾಚಿ, ಬಟ್ಟೆ ಒಗೆಯುವ ಕಲ್ಲಿನಲ್ಲೂ ಪಾಚಿ. ಹಸಿರು ಲೋಳೆ ಕಂಡರೆ ಸಾಕು, ಹಿಡಿಸೂಡಿ, ಬ್ಲೀಚಿಂಗ್ ಪೌಡರ್ ಹಿಡಿದು ಹೊರಟೇಬಿಡುತ್ತೇವೆ. ಹೌದು ತಾನೇ?

ಈ ಅಭ್ಯಾಸವೇ ನನಗೊಮ್ಮೆ ಮುಳುವಾಯಿತು. ಮಗ ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ಅವನ ಉಪ್ಪುನೀರಿನ ಮೀನಿನ ತೊಟ್ಟಿ ನನ್ನ ಪಾಲಿಗೆ ಬಂತು. ತೊಟ್ಟಿಯ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಒರಟು ಪ್ಲಾಸ್ಟಿಕ್ ಜಾಲರಿ, ಅದರ ತುಂಬ ದಪ್ಪ ಪಾಚಿ. "ಎಂಥ ಕೊಳೆ ಮಾರಾಯ್ರೇ!" ಅಂತ ಪಾತ್ರೆ ತೊಳೆಯುವ ನಾರಿನಿಂದಲೇ ತಿಕ್ಕಿ ಫಳಫಳ ಮಾಡಿಟ್ಟೆ. ನಾರಿನಲ್ಲಿ ಸೋಪು ಉಳಿದಿತ್ತು. ಬೆಳಗಾಗುವಾಗ ಎರಡು ಕ್ಲೌನ್ ಮೀನುಗಳೂ ಸತ್ತು ತೇಲುತ್ತಿದ್ದವು. ಫೋನಿನಲ್ಲಿ ಮಗ ಬೈಯಲಿಲ್ಲ. "ಅಮ್ಮಾ, ಅದು ಕೊಳೆ ಅಲ್ಲ, ತೊಟ್ಟಿ ಗುಡಿಸುವ ಹಿಡಿಸೂಡಿಯೇ ಅದು" ಅಂದ. ಬೈದಿದ್ದರೇ ವಾಸಿಯಿತ್ತು.

ಪಾಚಿ ಹೇಗೆ ಗುಡಿಸುತ್ತದೆ?

ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯ ಆಗುತ್ತದೆ. ಅದು ಮೀನಿಗೆ ವಿಷ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ನೈಟ್ರೇಟ್ ಅಂದರೆ ನಮ್ಮ ತೊಂಡೆಬಳ್ಳಿಗೆ ಹಾಕುವ ಗೊಬ್ಬರದ ಸಾರವೇ. ಜಾಲರಿಯ ಮೇಲೆ ನೀರು ಹರಿಯುತ್ತಿದ್ದು, ದೀಪದ ಬೆಳಕು ಬಿದ್ದರೆ ಪಾಚಿ ಆ ಗೊಬ್ಬರ ತಿಂದು ಬೆಳೆಯುತ್ತದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ 1980ರ ದಶಕದಲ್ಲಿ ದೊಡ್ಡ ಕಡಲ ತೊಟ್ಟಿಗಳಲ್ಲಿ ಬಳಸಿ ತೋರಿಸಿದ ವಿಧಾನ ಇದು.

ಆದರೆ ಒಂದು ಮಾತು ನೆನಪಿಡಿ. ಬೆಳೆದ ಪಾಚಿಯನ್ನು ನಾವು ತೆಗೆದು ಹೊರಗೆ ಹಾಕಿದರೆ ಮಾತ್ರ ಹೊಲಸು ಹೊರಗೆ ಹೋದ ಹಾಗೆ. ಅಲ್ಲೇ ಕೊಳೆಯಲು ಬಿಟ್ಟರೆ ತಿಂದದ್ದೆಲ್ಲ ಮತ್ತೆ ನೀರಿಗೇ!

ಮೊದಲು ನಿಮ್ಮ ಜೀವ

ಉಪ್ಪುನೀರು ಮತ್ತು ಕರೆಂಟು, ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಕೈ ಹಾಕುವ ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನೇ ಕೀಳಿ. ವಯರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಬೇಕು. ಆಗ ವಯರಿನ ಗುಂಟ ಇಳಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್ ಉಂಟು. ಎಲೆಕ್ಟ್ರಿಷಿಯನ್ ಕೈಯಲ್ಲಿ ಅದನ್ನು ಹಾಕಿಸಿಕೊಳ್ಳಿ.

ಬೆರಳಿನಲ್ಲಿ ಗಾಯವಿದ್ದರೆ ಗ್ಲೌಸ್ ಇಲ್ಲದೆ ತೊಟ್ಟಿಗೆ ಕೈ ಹಾಕಬೇಡಿ. ತೊಟ್ಟಿ ನೀರಿನ ಕೆಲವು ರೋಗಾಣುಗಳು ಗಾಯದೊಳಗೆ ಹೊಕ್ಕರೆ ವಾರಗಟ್ಟಲೆ ವಾಸಿಯಾಗದ ಹುಣ್ಣಾಗುತ್ತದೆ. ಅಂಥ ಹುಣ್ಣು ಬಂದರೆ ಡಾಕ್ಟರರಿಗೆ ಮೀನಿನ ತೊಟ್ಟಿಯ ಸಂಗತಿಯನ್ನು ತಪ್ಪದೆ ಹೇಳಿ. ಪೈಪಿನಲ್ಲಿ ನೀರು ಇಳಿಸಲು ಬಾಯಿಂದ ಎಳೆಯಲೇಬಾರದು.

ಪಾಚಿ ತೆಗೆಯುವ ಕ್ರಮ

ಜಾಲರಿ ತುಂಬಿದಾಗ, ಸಾಮಾನ್ಯವಾಗಿ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಅದನ್ನು ಹೊರಗೆ ತೆಗೆದು ಸಿಹಿನೀರಿನಲ್ಲಿ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯಿರಿ. ಸೋಪು, ಬ್ಲೀಚಿಂಗ್ ಪೌಡರ್ ಹತ್ತಿರವೂ ಬೇಡ. ಬುಡದ ತೆಳ್ಳಗಿನ ಪದರ ಉಳಿಯಲಿ, ಮತ್ತೆ ಚಿಗುರಬೇಕಲ್ಲ! ನೂಲಿನ ಉಂಡೆಯಂಥ ಪಾಚಿ ಸಾಕಿದ್ದರೆ ಒಂದು ಸಲಕ್ಕೆ ಅರ್ಧಕ್ಕಿಂತ ಹೆಚ್ಚು ತೆಗೆಯಬೇಡಿ.

ಮೇಲಿನ ತೊಟ್ಟಿಯ ದೀಪ ಆರಿಸಿದ ಮೇಲೆ, ರಾತ್ರಿ ಹೊತ್ತು ಪಾಚಿಯ ದೀಪ ಉರಿಯಲಿ. ಕತ್ತಲೆಯಲ್ಲಿ ಪಾಚಿಯೂ ನಮ್ಮಂತೆ ಆಮ್ಲಜನಕವನ್ನೇ ಬಳಸುವುದರಿಂದ ಮೀನಿನ ಪಾಲು ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ಜೋಕೆ

ಗಾಳಿಮಳೆಗೆ ಮರ ಬಿದ್ದು ದಿನವಿಡೀ ಕರೆಂಟು ಹೋಗುವುದು ನಮಗೆ ಹೊಸತಲ್ಲ. ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಒಂದು ಮನೆಯಲ್ಲಿರಲಿ. ನೀರು ನಿಂತರೆ ಜಾಲರಿಯ ಪಾಚಿ ಒಣಗಿ ಸಾಯುತ್ತದೆ. ಕರೆಂಟು ಬಂದ ತಕ್ಷಣ ಪಂಪು ಹಾಕಬೇಡಿ. ಮೊದಲು ಜಾಲರಿ ತೆಗೆದು, ಬಿಳಿಚಿದ, ನಾರುವ ಪಾಚಿಯನ್ನೆಲ್ಲ ತೊಳೆದು ಆಮೇಲೆ ಹಾಕಿ.

ಇನ್ನು, ಆರಿಹೋದ ನೀರಿನ ಬದಲಿಗೆ ಸಿಹಿನೀರನ್ನೇ ಹಾಕಬೇಕು. ಯಾಕೆಂದರೆ ನೀರು ಮಾತ್ರ ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ತೊಟ್ಟಿಯ ನೀರು ಬದಲಿಸುವಾಗಲೂ ಇದೇ ಲೆಕ್ಕ. ಆದರೆ ಅಡಿಗೆ ಉಪ್ಪು ಆಗದು, ತೊಟ್ಟಿಗೆಂದೇ ಸಿಗುವ ಕಡಲುಪ್ಪು ಬೇಕು.

ಎಲ್ಲಿ ಎಸೆಯಬೇಕು?

ತೆಗೆದ ಪಾಚಿಯನ್ನು ತೋಡಿಗೋ ಹೊಳೆಗೋ ಕಡಲಿಗೋ ಎಸೆಯಬೇಡಿ. ಮೀನಿನ ತೊಟ್ಟಿಗಳಲ್ಲಿ ಸಾಕುತ್ತಿದ್ದ ಕಾಲರ್ಪ ಎಂಬ ಪಾಚಿ 1984ರಲ್ಲಿ ಯುರೋಪಿನ ಮೊನಾಕೊ ತೀರದಲ್ಲಿ ಕಾಣಿಸಿಕೊಂಡು, ಮುಂದೆ ಮೆಡಿಟರೇನಿಯನ್ ಕಡಲಿನ ತಳದಲ್ಲಿ ಎಷ್ಟೋ ಕಡೆ ಹಬ್ಬಿತು. ಉಪ್ಪು ಹೋಗುವಂತೆ ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಹಳೆಯ ಉಪ್ಪುನೀರನ್ನು ಬಾವಿಯ ಬಳಿ, ಮಲ್ಲಿಗೆಯ ಬುಡಕ್ಕೆ ಚೆಲ್ಲಬಾರದು.

ಈಗ ನಮ್ಮ ತೊಟ್ಟಿಯಲ್ಲಿ ಮತ್ತೆ ಎರಡು ಕ್ಲೌನ್ ಮೀನು ಉಂಟು. ಪಾಚಿ ಕೆರೆಯುವ ಪ್ಲಾಸ್ಟಿಕ್ ಕಾರ್ಡಿಗೆ ಬೇರೆಯೇ ಮೊಳೆ, ಅಡಿಗೆಮನೆಯ ನಾರು ಆ ಕಡೆ ಹಾಯುವುದಿಲ್ಲ. ಅಂಗಳದ ಪಾಚಿಯನ್ನು ಮಾತ್ರ ಇವತ್ತಿಗೂ ಬಿಡುವುದಿಲ್ಲ ಅನ್ನಿ!