ಯೆಜ್ಡಿಯ ಮುಂದಿನ ಫೋರ್ಕ್: ಬಿಚ್ಚೋದು ಸುಲಭ, ಜೋಡಿಸೋದು ಹೇಗೆ?

ಇವತ್ತು ಹಿಂದೆ ಕೇಳ್ತಿರೋ ಟಣಟಣ ಸದ್ದು ಹೊನ್ನಾವರದ ನಮ್ಮ ಮನೆ ಅಂಗಳದ್ದು. ಅಪ್ಪನ ಯೆಜ್ಡಿ ರೋಡ್‌ಕಿಂಗ್ ಹತ್ತು ವರ್ಷದಿಂದ ಕೊಟ್ಟಿಗೆಯಲ್ಲಿತ್ತು. ಮದುವೆಯಾದ ಹೊಸತರಲ್ಲಿ ಅಪ್ಪ, ಅಮ್ಮ ಇಡಗುಂಜಿ ಗಣಪತಿಗೆ ಹೋಗಿದ್ದು ಇದರಲ್ಲೇ. ಈಗ ಅಪ್ಪನಿಗೆ ಅರವತ್ಮೂರು. "ಒಂದ್ಸಲ ಇದ್ರಲ್ಲೇ ಹೋಗಿ ಬರ್ವ" ಅಂದರು. ನಾನು ಬಿ.ಕಾಂ. ಓದಿದವನು, ಆದರೂ ಹೂಂ ಅಂದೆ.

ಮೊದಲು ಗಾಡಿಯ ಜಾತಕ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬೈಕ್ ತಯಾರಿಕೆ ಶುರುವಾಗಿದ್ದು 1961ರಲ್ಲಿ, ಆಗಿನ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ತಂತ್ರಜ್ಞಾನದಿಂದ. ಆಮೇಲೆ ಯೆಜ್ಡಿ ಅನ್ನೋ ಹೆಸರು ಬಂತು. ರೋಡ್‌ಕಿಂಗ್ ಬಂದಿದ್ದು 1978ರಲ್ಲಿ, ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದಿದೆ ನಿಜ, ಆದರೆ ಹೊಸ ಗಾಡಿಯ ಫೋರ್ಕ್ ಇದಕ್ಕೆ ಬರಲ್ಲ. ಇರೋದನ್ನೇ ಉಳಿಸಿಕೊಳ್ಳಬೇಕು.

ಈಗ ಫೋರ್ಕ್ ಕೆಲಸ ಮಾಡೋದು ಹೇಗೆ ಅಂತ ನೋಡೋಣ. ಎರಡು ಕಾಲು. ಪ್ರತಿ ಕಾಲಲ್ಲೂ ಮೇಲೊಂದು ಕ್ರೋಮ್ ಪೈಪು, ಅದು ಜಾರಿ ಹೋಗೋಕೆ ಕೆಳಗೊಂದು ದಪ್ಪ ಕೊಳವೆ. ಅದಕ್ಕೆ ಮೆಕ್ಯಾನಿಕ್‌ಗಳು 'ಬಾಟಮ್' ಅಂತಾರೆ. ಒಳಗೆ ಸ್ಪ್ರಿಂಗು, ಆಯಿಲ್ಲು. ಭಾರ ಹೊರೋದು ಸ್ಪ್ರಿಂಗು. ಆ ಸ್ಪ್ರಿಂಗು ಕುಣಿಯದ ಹಾಗೆ ತಡೆಯೋದು ಆಯಿಲ್ಲು. ಚಿಕ್ಕ ತೂತುಗಳ ಮೂಲಕ ನಿಧಾನಕ್ಕೆ ನುಗ್ಗಬೇಕಾಗಿರೋದರಿಂದ ಅದು ವೇಗವನ್ನ ಹಿಡಿದಿಡುತ್ತೆ. ಆ ಆಯಿಲ್ಲು ಹೊರಗೆ ಬರದಂತೆ ತಡೆಯೋದು ಒಂದು ರಬ್ಬರ್ ಸೀಲು.

ಭಟ್ಕಳದಿಂದ ಕುಮಟಾವರೆಗಿನ ನಮ್ಮ ಕರಾವಳಿಯಲ್ಲಿ ಈ ಸೀಲಿಗೆ ದೊಡ್ಡ ಶತ್ರು ಉಪ್ಪುಗಾಳಿ. ಪೈಪಿನ ಕ್ರೋಮ್ ಮೇಲೆ ಸೂಜಿಮೊನೆಯಷ್ಟು ತುಕ್ಕು ಹಿಡಿದರೂ ಸಾಕು, ಮೇಲೆ ಕೆಳಗೆ ಆಡುವಾಗ ಅದು ಸೀಲನ್ನ ಅರದ ಹಾಗೆ ತಿನ್ನುತ್ತೆ. ಹೊಸ ಸೀಲ್ ಹಾಕಿದರೂ ತಿಂಗಳಲ್ಲಿ ಸೋರುತ್ತೆ. ಸೋರಿದ ಆಯಿಲ್ಲು ಇಳಿದು ಮುಂದಿನ ಬ್ರೇಕ್ ಡ್ರಮ್ಮಿಗೆ ಸೇರಿದರೆ ಬ್ರೇಕೇ ಹಿಡಿಯಲ್ಲ. ಹಾಗಾಗಿ ಪೈಪಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಹೊಸ ಹಾರ್ಡ್ ಕ್ರೋಮ್ ಮಾಡಿಸಿ. ಗಾಜಿನ ಮೇಲೆ ಉರುಳಿಸಿ, ಬಾಗಿದೆಯಾ ಅಂತಲೂ ನೋಡಿ.

ಸೀಲ್ ಕೂರಿಸುವಾಗ ಸಣ್ಣ ಸ್ಪ್ರಿಂಗ್ ಕಾಣೋ ಬದಿ ಕೆಳಗೆ, ಅಂದ್ರೆ ಆಯಿಲ್ ಕಡೆಗಿರಬೇಕು. ಸುತ್ತಿಗೆಯಿಂದ ನೇರ ಹೊಡೀಬೇಡಿ. ಅದೇ ಅಗಲದ ಪಿವಿಸಿ ಪೈಪಿನ ತುಂಡಿಟ್ಟು ಮೆಲ್ಲಗೆ ತಟ್ಟಿ. ಕ್ರೋಮ್ ಪೈಪಿನ ಬಾಯಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಆಯಿಲ್ ಸವರಿ, ಆಮೇಲೆ ಸೀಲಿನೊಳಗೆ ಇಳಿಸಿ. ಇಲ್ಲಾಂದ್ರೆ ಪೈಪಿನ ಚೂಪು ಅಂಚಿಗೆ ರಬ್ಬರ್ ಹರಿಯುತ್ತೆ. ಆಯಿಲ್ಲನ್ನ ಅಂದಾಜಿಗೆ ಸುರೀಬೇಡಿ. ಮ್ಯಾನುವಲ್‌ನಲ್ಲಿ ಹೇಳಿದಷ್ಟನ್ನ ಸಿರಿಂಜಲ್ಲಿ ಅಳೆದು ಹಾಕಿ. ಡೆಬಿಟ್ಟು ಕ್ರೆಡಿಟ್ಟಿನ ಹಾಗೆ ಎರಡೂ ಕಾಲು ಟ್ಯಾಲಿ ಆಗಲೇಬೇಕು.

ಇಷ್ಟೆಲ್ಲ ನಾನು ಸರಿಯಾಗೇ ಮಾಡಿದ್ದೆ. ಆದರೂ ಹ್ಯಾಂಡಲ್ ಒತ್ತಿದರೆ ಮುಂಭಾಗ ಕೆಳಗೆ ಹೋಯ್ತು, ಮೇಲೆ ಬರ್ಲೇ ಇಲ್ಲ. ಸ್ಪ್ರಿಂಗ್ ಹೋಗಿದೆ ಅಂದುಕೊಂಡು ಗಾಡಿಯನ್ನ ಟೆಂಪೋದಲ್ಲಿ ಹಾಕಿ ಕುಮಟಾಕ್ಕೆ, ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ತಗೊಂಡು ಹೋದೆ. ಅವರು ಕೂತು ಆಕ್ಸಲ್ ಹತ್ತಿರದ ಒಂದೇ ಒಂದು ಬೋಲ್ಟ್ ಸಡಿಲ ಮಾಡಿದರು. ಗಾಡಿ ತಾನಾಗೇ ಎದ್ದು ನಿಂತಿತು!

"ತಮ್ಮಾ, ಇದನ್ನ ಎಂತಕ್ಕೆ ಮೊದ್ಲೇ ಬಿಗಿದೆ?" ಅಂದರು.

ನನ್ನ ತಪ್ಪು ಅದೇ. ಎರಡು ಕಾಲೂ ಒಂದಕ್ಕೊಂದು ಸಮಾನಾಂತರ ಇದ್ದರೆ ಮಾತ್ರ ಬಾಟಮ್ ಸಲೀಸಾಗಿ ಜಾರುತ್ತೆ. ಆಕ್ಸಲ್ ಹಿಡಿಯೋ ಕ್ಲ್ಯಾಂಪ್ ಬೋಲ್ಟನ್ನ ಮೊದಲೇ ಬಿಗಿದರೆ ಒಂದು ಕಾಲು ಕೂದಲೆಳೆಯಷ್ಟು ಓರೆಯಾಗಿ ಸಿಕ್ಕಿಕೊಳ್ಳುತ್ತೆ. ಹೈವೇಯಲ್ಲಿ, ಲಾರಿ ಹಿಂದೆ ಬ್ರೇಕ್ ಹಾಕಿದಾಗ ಹೀಗಾದರೆ? ಗುಂಡಿಗೆ ಬಿದ್ದರೆ ಆಡೋಕೆ ಫೋರ್ಕಲ್ಲಿ ಜಾಗವೇ ಇರಲ್ಲ.

ಸರಿಯಾದ ಕ್ರಮ ಹೀಗೆ. ಪೈಪುಗಳನ್ನ ಮೇಲಿನ ನಟ್ಟಿಗೆ ಕಚ್ಚಿಸಿ, ಆದರೆ ನಡುವಿನ 'ಟಿ' ಕ್ಲ್ಯಾಂಪ್ ಸಡಿಲವಿರಲಿ. ಚಕ್ರ ಹಾಕಿ ಆಕ್ಸಲ್ ಬಿಗಿಯಿರಿ, ಅದರ ಕ್ಲ್ಯಾಂಪ್ ಬೋಲ್ಟ್ ಮಾತ್ರ ಸಡಿಲ ಬಿಡಿ. ಮುಂದಿನ ಬ್ರೇಕ್ ಹಿಡಿದು ಹತ್ತು ಸಲ ಜೋರಾಗಿ ಒತ್ತಿ ಬಿಡಿ. ಕಾಲುಗಳು ತಮ್ಮ ಜಾಗ ತಾವೇ ಹುಡುಕಿಕೊಳ್ತವೆ. ಆಮೇಲೆ ಕೆಳಗಿಂದ ಮೇಲಕ್ಕೆ ಬಿಗಿಯುತ್ತಾ ಬನ್ನಿ: ಮೊದಲು ಆಕ್ಸಲ್ ಕ್ಲ್ಯಾಂಪು, ಆಮೇಲೆ ಮಡ್‌ಗಾರ್ಡು, ಆಮೇಲೆ 'ಟಿ', ಕೊನೆಗೆ ಮೇಲಿನ ನಟ್ಟು.

ಕೊನೇ ಪರೀಕ್ಷೆ. ಒತ್ತಿ ಬಿಟ್ಟರೆ ಒಂದೇ ಸಲ ಎದ್ದು ನಿಲ್ಲಬೇಕು. ಬ್ರೇಕ್ ಹಿಡಿದು ಹಿಂದೆ ಮುಂದೆ ಆಡಿಸುವಾಗ 'ಟಕ್' ಅಂದರೆ ಕೋನ್ ಸೆಟ್ ಸಡಿಲ ಇದೆ ಅಂತ ಅರ್ಥ. ನಿಮ್ಮ ಮೊದಲ ಸಲ ಆದರೆ ರಸ್ತೆಗಿಳಿಯೋ ಮುಂಚೆ ಗೊತ್ತಿದ್ದವರಿಗೊಮ್ಮೆ ತೋರಿಸಿ. ನಾಚಿಕೆ ಪಡಬೇಡಿ, ನಾನೂ ತೋರಿಸಿದೆ.

ಕಳೆದ ಭಾನುವಾರ ಅಪ್ಪ, ಅಮ್ಮ ಇಡಗುಂಜಿಗೆ ಹೋಗಿ ಬಂದರು. ನಾನು ಸ್ಕೂಟರಲ್ಲಿ ಹಿಂದೆ ಹಿಂದೆ. ಮನೆಗೆ ಬಂದ ಕೂಡಲೇ ಅಪ್ಪ ಮಾತಾಡದೆ ಬಗ್ಗಿ, ಎರಡೂ ಪೈಪಿನ ಮೇಲೆ ಬೆರಳಾಡಿಸಿ ನೋಡಿದರು. ಬೆರಳು ಒಣಗಿತ್ತು.

"ಅಡ್ಡಿಲ್ಲೆ" ಅಂದರು. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.