ಹಗ್ಗವನ್ನೆಳೆದ ಹಾಡುಗಳು

1836ರಲ್ಲಿ ಕ್ಯಾಲಿಫೋರ್ನಿಯದ ತೀರದಲ್ಲಿ ‘ಅಲರ್ಟ್’ ಎಂಬ ಹಾಯಿಹಡಗಿನೊಳಗೆ ನಾವಿಕರು ಒಣಚರ್ಮಗಳನ್ನು ತುಂಬುತ್ತಿದ್ದರು. ಕಿಕ್ಕಿರಿದ ರಾಶಿಯ ನಡುವೆ ಇನ್ನಷ್ಟು ಚರ್ಮಗಳನ್ನು ತೂರಿಸಲು ರಾಟೆಯ ಹಗ್ಗವನ್ನು ಎಲ್ಲರೂ ಕೂಡಿ ಜಗ್ಗಬೇಕಾಗಿತ್ತು. ಕೆಲವೊಮ್ಮೆ ಎರಡು ಮೂರು ಹಾಡುಗಳನ್ನು ಹಾಡಿದರೂ ಹಗ್ಗ ಅಂಗುಲದಷ್ಟೂ ಕದಲುತ್ತಿರಲಿಲ್ಲ. ಮನಸ್ಸಿಗೊಪ್ಪುವ ಬೇರೊಂದು ಹಾಡನ್ನೆತ್ತಿದೊಡನೆ ಸರಸರನೆ ಸರಿಯುತ್ತಿತ್ತು. ಹಾರ್ವರ್ಡಿನ ವ್ಯಾಸಂಗವನ್ನು ನಿಲ್ಲಿಸಿ ಆ ಹಡಗಿನಲ್ಲಿ ದುಡಿದ ರಿಚರ್ಡ್ ಹೆನ್ರಿ ಡೇನಾ, 1840ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಬರೆದಿದ್ದಾನೆ. ಅದೇ ಜನ, ಅದೇ ಹಗ್ಗ. ಹಾಡು ಕೂಡಿಸಿದ ಬಲ ಯಾವುದು?

ಹತ್ತು ಮಂದಿ ಎಳೆದರೆ ಹತ್ತರಷ್ಟು ಬಲ ದೊರೆಯುವುದೆಂದು ನಾವು ಭಾವಿಸುತ್ತೇವೆ. ಫ್ರಾನ್ಸಿನ ಎಂಜಿನಿಯರ್ ರಿಂಗಲ್‌ಮಾನ್ 1913ರಲ್ಲಿ ಪ್ರಕಟಿಸಿದ ಅಳತೆಗಳು ಬೇರೆಯದನ್ನೇ ಹೇಳುತ್ತವೆ. ಎಂಟು ಮಂದಿಯ ಒಟ್ಟು ಎಳೆತ ನಾಲ್ವರ ಬಿಡಿ ಎಳೆತಗಳ ಮೊತ್ತಕ್ಕಿಂತಲೂ ತುಸು ಕಡಮೆಯಾಗಿತ್ತು. ಒಬ್ಬನು ಬಲವನ್ನು ಹಾಕುವಾಗ ಇನ್ನೊಬ್ಬನು ಉಸಿರೆಳೆದುಕೊಳ್ಳುತ್ತಿದ್ದರೆ ಬಲಗಳು ಕೂಡುವುದಿಲ್ಲ. ಅಲ್ಲದೆ, ನಿಂತ ವಸ್ತುವನ್ನು ಕದಲಿಸುವಾಗ ಎದುರಿಸಬೇಕಾದ ಘರ್ಷಣೆಯು ಚಲಿಸುತ್ತಿರುವಾಗಿನ ಘರ್ಷಣೆಗಿಂತ ಹೆಚ್ಚು. ಆ ಎಲ್ಲೆಯನ್ನು ಮೀರಲು ಎಲ್ಲರ ಬಲವೂ ಒಂದೇ ಕ್ಷಣದಲ್ಲಿ ಬೀಳಬೇಕು. ದಿಮ್ಮಿಯನ್ನು ಎಳೆಯುವಾಗ ನಮ್ಮವರು ‘ಐಸಾ’ ಎನ್ನುವುದು ಆ ಕ್ಷಣವನ್ನು ಗೊತ್ತುಮಾಡುವುದಕ್ಕಾಗಿಯೇ.

‘ಶ್ಯಾಂಟಿ’ಗಳೆಂಬ ನಾವಿಕರ ಹಾಡುಗಳು ಈ ಕೂಗಿನ ಬೆಳೆದ ರೂಪಗಳು. ಮುಂದಾಳು ಒಂದು ಸೊಲ್ಲನ್ನು ಹಾಡುವಷ್ಟು ಹೊತ್ತು ಉಳಿದವರು ಉಸಿರು ಸುಧಾರಿಸಿಕೊಳ್ಳುವರು. ಪಲ್ಲವಿಗೆ ದನಿಗೂಡಿಸುತ್ತ, ಗೊತ್ತಾದ ಅಕ್ಷರದ ಮೇಲೆ ಜಗ್ಗುವರು. ಬಿಗಿಹಿಡಿದ ಸ್ನಾಯುವಿನಲ್ಲಿ ರಕ್ತಸಂಚಾರ ಕುಂದುವುದರಿಂದ ಈ ಬಿಡುವು ಅತ್ಯಗತ್ಯ. ಭಾರವಾದ ಹಾಯಿಯನ್ನು ಮೇಲೇರಿಸುವ ಹಾಡಿನಲ್ಲಿ ಪ್ರತಿ ಪಲ್ಲವಿಗೂ ಸಾಮಾನ್ಯವಾಗಿ ಎರಡು ಎಳೆತಗಳು. ಸಡಿಲವಾದ ಹಾಯಿಯನ್ನು ಬಿಗಿಗೊಳಿಸುವ ಹಾಡಿನಲ್ಲಿ ಒಂದೇ. ಲಂಗರನ್ನೆತ್ತಲು ದೊಡ್ಡ ರಾಟೆಯ ಸನ್ನೆಗೋಲುಗಳನ್ನು ತಳ್ಳುತ್ತ ಸುತ್ತುವಾಗಲಾದರೋ, ನಡಿಗೆಗೆ ಒಪ್ಪುವ ಎಡೆಬಿಡದ ಹಾಡು ಬೇಕು. ಕೆಲಸವೇ ಹಾಡಿನ ಛಂದಸ್ಸನ್ನು ನಿರ್ಣಯಿಸಿತು.

ಹಾಡಿಗೆ ಇಷ್ಟು ಬೆಲೆ ಬಂದುದು ಜನಬಲದ ಕೊರತೆಯಿಂದ. ಯುದ್ಧನೌಕೆಗಳಲ್ಲಿ ಆಳುಗಳು ವಿಪುಲ. ಬ್ರಿಟನ್ನಿನ ನೌಕಾದಳದಲ್ಲಿ ಹಾಡುತ್ತ ದುಡಿಯಲು ಅನುಮತಿಯಿರಲಿಲ್ಲ. ವ್ಯಾಪಾರದ ಹಡಗುಗಳಲ್ಲಿಯಾದರೋ ಕೆಲವೇ ಮಂದಿ ಬಿರುಗಾಳಿಯಲ್ಲಿ ಮಹತ್ತಾದ ಹಾಯಿಗಳನ್ನು ನಿರ್ವಹಿಸಬೇಕಾಗಿತ್ತು. ಅಮೆರಿಕದ ದಕ್ಷಿಣದ ಬಂದರುಗಳಲ್ಲಿ ಹತ್ತಿಯ ಮೂಟೆಗಳನ್ನು ಹಡಗಿಗೆ ಅದುಮಿ ತುಂಬುತ್ತಿದ್ದ ಕರಿಯ ಕೂಲಿಗಾರರ ಹಾಡುಗಳೂ ಇವರ ಭಂಡಾರವನ್ನು ಸೇರಿದುವು. ಎದುರಾಡಿದರೆ ಶಿಕ್ಷೆಯಾಗುತ್ತಿದ್ದ ಆ ಬಾಳಿನಲ್ಲಿ ಹುಳಿತ ಊಟವನ್ನೂ ಕಪ್ತಾನನ ಕ್ರೌರ್ಯವನ್ನೂ ದೂರಲು ಹಾಡಿನ ಸೊಲ್ಲುಗಳಲ್ಲಿ ಎಡೆಯಿತ್ತು.

ಉಗಿಯಂತ್ರಕ್ಕೆ ತಾಳವೂ ಬೇಡ, ಬಿಡುವೂ ಬೇಡ. 1929ರಲ್ಲಿ ಬ್ರಿಟನ್ನಿನ ಕಡೆಯ ದೊಡ್ಡ ಸರಕುಹಾಯಿಹಡಗುಗಳಲ್ಲೊಂದಾದ ‘ಗಾರ್ತ್‌ಪೂಲ್’ ಕೇಪ್ ವರ್ಡ್ ದ್ವೀಪಗಳ ಬಳಿ ಒಡೆಯಿತು. ಅದರಲ್ಲಿ ಹಾಡನ್ನೆತ್ತುತ್ತಿದ್ದ ಸ್ಟಾನ್ ಹ್ಯೂಗಿಲ್, ತಾನು ಕಲಿತ ಹಾಡುಗಳನ್ನು ಬೃಹತ್ ಸಂಕಲನವಾಗಿ 1961ರಲ್ಲಿ ಪ್ರಕಟಿಸಿದನು. ಇಂದು ಅವುಗಳನ್ನು ಕುಳಿತು ಕೇಳುವವರೇ ಹೆಚ್ಚು. ಆದರೆ ಅವುಗಳ ತಾಳವನ್ನು ತಿಳಿಯಬೇಕಾದರೆ ಗೆಳೆಯರೊಡನೆ ಒಂದು ಹಗ್ಗವನ್ನು ಹಿಡಿದು ನೋಡಬೇಕು: ಮೊದಲು ಮೌನವಾಗಿ, ಆಮೇಲೆ ಹಾಡಿನೊಡನೆ.