ಊಟ ಸೇರದವರು

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬುದು ನಮ್ಮ ಹಿರಿಯರ ಗಾದೆ. ಮಾತಿನ ಭಾಗವನ್ನು ಚರ್ಚಾಕೂಟದ ಮಿತ್ರರಿಗೆ ಬಿಟ್ಟು, ಊಟವನ್ನರಿಯದವನ ಪಾಡನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬಯಸುತ್ತೇನೆ. ಆ ಪಾಡು ಬೇರೆ ಯಾರದೂ ಅಲ್ಲ, ನನ್ನದೇ.

ನಮ್ಮದು ರಾಗಿ ಬೆಳೆಯುವ ಊರು. ಮನೆಯಲ್ಲಿ ಎರಡು ಹೊತ್ತೂ ಮುದ್ದೆ. ಆದರೆ ಮುದ್ದೆ ನನ್ನ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಸಾರಿನಲ್ಲಿ ಬೆಂದ ಬದನೆಕಾಯಿ, ಸೊಪ್ಪು, ಕಾಳು, ಯಾವುದು ನಾಲಗೆಗೆ ತಗುಲಿದರೂ ವಾಕರಿಕೆ ಬರುತ್ತಿತ್ತು. ಬಿಳಿ ಅನ್ನ, ಮೊಸರು, ಹಪ್ಪಳ, ಬಿಸ್ಕತ್ತು, ಈ ನಾಲ್ಕರಲ್ಲೇ ನಾನು ಬೆಳೆದೆ. ಕೂಲಿಯಿಂದ ಬಂದು ಒಲೆ ಹಚ್ಚಿದ ಅವ್ವನಿಗೆ “ಬೇಡ” ಎನ್ನುವುದು ಎಷ್ಟು ದೊಡ್ಡ ಅಪರಾಧವೆಂಬುದು ನನಗೆ ತಿಳಿಯದೆ ಇರಲಿಲ್ಲ. ಅಜ್ಜಿ ದೃಷ್ಟಿ ತೆಗೆದಳು. “ಹೊಟ್ಟೆ ಹಸಿದರೆ ತಾನೇ ತಿಂತಾನೆ, ಬಿಡು” ಎಂದು ಅಪ್ಪ ಗದರಿಸಿದರು. ಹೊಟ್ಟೆ ಹಸಿಯಿತು; ಆದರೂ ತಿನ್ನಲಾಗಲಿಲ್ಲ.

ಹಾಸ್ಟೆಲಿಗೆ ಬಂದ ಮೇಲೆ ನನಗೆ ‘ಮೊಸರನ್ನ’ ಎಂಬ ಅಡ್ಡಹೆಸರು ಬಿದ್ದುದನ್ನು ಹಲವು ವಾಚಕರು ಬಲ್ಲರು. ನೆಂಟರ ಮದುವೆಗಳಿಗೆ ಹೋಗುವುದನ್ನು ಬಿಟ್ಟೆ. ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತರೆ ಕೈ ನಡುಗುತ್ತಿತ್ತು. ಎರಡನೆಯ ವರ್ಷದಲ್ಲಿ ಮಹಡಿ ಹತ್ತಿದರೆ ಏದುಸಿರು ಬರತೊಡಗಿತು. ಮೊದಲು ಕಂಡ ವೈದ್ಯರು ಟಾನಿಕ್ ಬರೆದುಕೊಟ್ಟು, “ಸೊಪ್ಪು ತರಕಾರಿ ಚೆನ್ನಾಗಿ ತಿನ್ನಪ್ಪ” ಎಂದು ಕಳುಹಿಸಿದರು. ತಿನ್ನಲು ಬಂದಿದ್ದರೆ ಅವರ ಬಳಿಗೆ ನಾನೇಕೆ ಹೋಗುತ್ತಿದ್ದೆ? ಎರಡನೆಯವರು ರಕ್ತಪರೀಕ್ಷೆ ಮಾಡಿಸಿದರು. ಗಂಡಸರಲ್ಲಿ ಹಿಮೋಗ್ಲೋಬಿನ್ 13 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ, ನನ್ನದು 9.2 ಇತ್ತು. ಅವರು ಕೇಳಿದ ಪ್ರಶ್ನೆಯೇ ಬೇರೆ: “ಏನೇನು ತಿನ್ನೋಕೆ ಆಗುತ್ತೆ? ಅದನ್ನು ಹೇಳು.”

ಅಂದು ನನಗೆ ತಿಳಿದುದೇನೆಂದರೆ, ಈ ತೊಂದರೆಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ತನ್ನ ರೋಗಪಟ್ಟಿಯಲ್ಲಿ ಇದನ್ನು ಸೇರಿಸಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇದಕ್ಕೆ ಸ್ಥಾನವಿದೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ‘ಆರ್ಫಿಡ್’ ಎನ್ನುತ್ತಾರೆ. ಆಹಾರವನ್ನು ದೂರವಿಡುವ ಅಥವಾ ಅತಿಯಾಗಿ ಮಿತಗೊಳಿಸುವ ವ್ಯಾಧಿ ಎಂದು ಅದರ ಅರ್ಥ. ಕೆಲವರಿಗೆ ತಿನಿಸಿನ ವಾಸನೆ, ಮೃದುತ್ವ, ಲೋಳೆತನಗಳು ಸಹಿಸುವುದಿಲ್ಲ. ಕೆಲವರಿಗೆ ಹಿಂದೊಮ್ಮೆ ಗಂಟಲಿಗೆ ಸಿಕ್ಕಿಕೊಂಡ ಭಯ. ಇನ್ನು ಕೆಲವರಿಗೆ ಹಸಿವೆಯೇ ಮಂದ. ತೆಳ್ಳಗಾಗಬೇಕೆಂಬ ಆಸೆಗೂ ಇದಕ್ಕೂ ಸಂಬಂಧವಿಲ್ಲ. ಆಹಾರ ಸಿಗದೆ ಉಪವಾಸ ಬಿದ್ದವರಿಗೂ, ವ್ರತಕ್ಕಾಗಿ ಬಿಟ್ಟವರಿಗೂ ಈ ಹೆಸರು ಸಲ್ಲದು.

ಹಾಗಾದರೆ ಹಠ ಮಾಡುವ ಮಕ್ಕಳೆಲ್ಲ ರೋಗಿಗಳೇ? ಅಲ್ಲ. ಎರಡರಿಂದ ಆರು ವರ್ಷದೊಳಗೆ ಹೊಸ ತಿನಿಸನ್ನು ದೂಡುವುದು ಸಾಮಾನ್ಯ. ಹೆಚ್ಚಿನವರಲ್ಲಿ ಅದು ತಾನಾಗಿ ಕಡಿಮೆಯಾಗುತ್ತದೆ. ತೂಕ ಇಳಿದರೆ, ಬೆಳವಣಿಗೆ ನಿಂತರೆ, ರಕ್ತದಲ್ಲಿ ಕೊರತೆ ಕಂಡರೆ, ಟಾನಿಕ್ಕಿನಲ್ಲೇ ಬದುಕುವಂತಾದರೆ, ಅಥವಾ ಊಟದ ಭಯದಿಂದ ನಾಲ್ಕು ಜನರ ನಡುವೆ ಬೆರೆಯಲಾಗದಿದ್ದರೆ, ಆಗ ಅದು ಚಿಕಿತ್ಸೆಗೆ ತಕ್ಕ ವಿಷಯ. ಇದನ್ನು ಹಗುರವಾಗಿ ಕಾಣಬಾರದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಹುಡುಗನೊಬ್ಬ ವರ್ಷಗಟ್ಟಲೆ ಹುರಿದ ಆಲೂಗಡ್ಡೆ, ಬಿಳಿ ಬ್ರೆಡ್ಡು, ಸಂಸ್ಕರಿಸಿದ ಮಾಂಸಗಳಲ್ಲೇ ಕಾಲ ಕಳೆದು, 17ನೆಯ ವಯಸ್ಸಿಗೆ ಶಾಶ್ವತವಾಗಿ ದೃಷ್ಟಿ ಕುಂದಿದ ಸಂಗತಿ 2019ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು.

ವೈದ್ಯರು ನನ್ನನ್ನು ಆಸ್ಪತ್ರೆಯ ಡಯಟೀಷಿಯನ್ ಬಳಿಗೆ ಕಳುಹಿಸಿದರು. ಬೈಗುಳ ಕೇಳಲು ಸಿದ್ಧನಾಗಿಯೇ ಹೋಗಿದ್ದೆ. ಆ ತಾಯಿ ಬೈಯಲಿಲ್ಲ. ಮೂರು ದಿನ ತಿಂದುದನ್ನೆಲ್ಲ ಬರೆದು ತರಲು ಹೇಳಿದರು. ಬಳಿಕ ಲೆಕ್ಕ ಹಾಕಿ ತೋರಿಸಿದರು: ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ, ಹೆಂಗಸಿಗೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂಬುದು 2020ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಪ್ರಕಟಿಸಿದ ಪ್ರಮಾಣ. ನೂರು ಗ್ರಾಂ ಪಾಲಿಷ್ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ನಾಲ್ಕಕ್ಕೂ ಹೆಚ್ಚು ಇದೆ. ಸಾಲದುದಕ್ಕೆ ಮೊಸರಿನ ಸುಣ್ಣದಂಶವು ಕಬ್ಬಿಣವನ್ನು ಮೈಗೂಡಗೊಡುವುದಿಲ್ಲ. ಆದುದರಿಂದ ಮಾತ್ರೆಯನ್ನು ಮೊಸರಿನ ಜೊತೆಗಲ್ಲ, ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಬೇಕೆಂದರು.

ಅವರ ಕ್ರಮದ ಸಾರ ಇಷ್ಟೇ. ತಿನ್ನುವುದನ್ನು ಕಸಿಯಬಾರದು, ಅದರಿಂದಲೇ ಮುಂದಕ್ಕೆ ಮೆಟ್ಟಿಲು ಕಟ್ಟಬೇಕು. ನನಗೆ ಗರಿಗರಿಯಾದುದು ಸೇರುತ್ತಿತ್ತು. ಉದ್ದಿನ ಹಪ್ಪಳದಿಂದ ರಾಗಿ ಹಪ್ಪಳಕ್ಕೆ, ಅಲ್ಲಿಂದ ತೆಳ್ಳಗೆ ತಟ್ಟಿ ಗರಿಗರಿಯಾಗಿ ಬೇಯಿಸಿದ ರಾಗಿ ರೊಟ್ಟಿಗೆ ಹೋದೆವು. ಹೊಸ ತಿನಿಸನ್ನು ಮೊದಲು ತಟ್ಟೆಯ ಪಕ್ಕದಲ್ಲಿ ಇಟ್ಟುಕೊಳ್ಳುವುದು, ಮರುದಿನ ಮುಟ್ಟುವುದು, ಮೂಸುವುದು, ನಾಲಗೆಯ ತುದಿಗೆ ತಗುಲಿಸುವುದು, ಅಗಿದು ಬೇಡವಾದರೆ ಉಗುಳುವುದಕ್ಕೂ ಅಪ್ಪಣೆ. ಒಂದು ತಿನಿಸು ಒಗ್ಗಲು ಹತ್ತು ಹದಿನೈದು ಸಲವಾದರೂ ಬೇಕಾದೀತು. ವಾಕರಿಕೆಯ ಭಯಕ್ಕಾಗಿ ಮನಶ್ಶಾಸ್ತ್ರಜ್ಞರನ್ನೂ ಕಂಡೆ.

ಅಪ್ಪನಿಗೆ ಮೊದಲು ನಂಬಿಕೆ ಬರಲಿಲ್ಲ. “ಇದೆಲ್ಲ ಉಳ್ಳವರ ಕಾಯಿಲೆ” ಎಂದರು. ಡಯಟೀಷಿಯನ್ ಅವರನ್ನು ಕೂರಿಸಿಕೊಂಡು, “ಯಜಮಾನರೆ, ಇದು ಬಡವರ ಮನೆಗೂ ಬರುತ್ತೆ. ಅಲ್ಲಿ ಬೇರೆ ಅಡುಗೆ ಮಾಡೋಕೆ ಆಗಲ್ಲ, ಅದಕ್ಕೇ ಹುಡುಗ ಹೆಚ್ಚು ಸೊರಗ್ತಾನೆ” ಎಂದರು. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದು ಹಿರಿಯರ ಪಾಲು. ಎಷ್ಟು ತಿನ್ನಬೇಕೆಂಬುದು ತಿನ್ನುವವನ ಪಾಲು ಎಂದೂ ಹೇಳಿದರು. ಅಪ್ಪ ಮರುಮಾತಾಡಲಿಲ್ಲ. ಅಂದಿನಿಂದ ಊಟದ ಹೊತ್ತಿನಲ್ಲಿ ನನ್ನ ತಟ್ಟೆಯನ್ನು ನೋಡುವುದನ್ನು ಬಿಟ್ಟರು. ಅದರಿಂದ ನನಗೆ ಆದ ಉಪಕಾರ ಮಾತ್ರೆಗಿಂತ ಕಡಿಮೆಯಲ್ಲ.

ನೆರವು ಬೇಕಾದವರು ಎಲ್ಲಿಗೆ ಹೋಗಬೇಕು? ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಂಡು ತೂಕ ನೋಡಿಸಿ ರಕ್ತಪರೀಕ್ಷೆ ಮಾಡಿಸಬೇಕು. ಬಳಿಕ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಡಯಟೀಷಿಯನ್ ಅವರಿಗೆ ಚೀಟಿ ಬರೆದುಕೊಡಲು ಕೇಳಬೇಕು. ಅಗಿಯಲು, ನುಂಗಲು ಕಷ್ಟಪಡುವವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ, ಮನಸ್ಸಿನ ಕಡೆಯ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಅಂಗಡಿಯಲ್ಲಿ ಡಬ್ಬಿಯ ಪುಡಿ ಮಾರುವವರೂ ತಮ್ಮನ್ನು ಪೋಷಣತಜ್ಞರೆಂದು ಕರೆದುಕೊಳ್ಳುವುದುಂಟು; ಯಾವ ಪದವಿ ಪಡೆದಿದ್ದೀರೆಂದು ಕೇಳಲು ಸಂಕೋಚ ಬೇಡ.

ಒಂದು ವರ್ಷ ಕಳೆಯಿತು. ನನ್ನ ಹಿಮೋಗ್ಲೋಬಿನ್ 12.8ಕ್ಕೆ ಏರಿದೆ, ಇನ್ನೂ ದಾರಿಯಿದೆ. ರಾಗಿ ರೊಟ್ಟಿ, ಸೋಸಿದ ತೊವ್ವೆ, ಹುರಿಗಡಲೆ, ಬಾಳೆಹಣ್ಣು ಈಗ ಒಗ್ಗಿವೆ. ಮುದ್ದೆ ಮಾತ್ರ ಇಳಿದಿಲ್ಲ. ಕಳೆದ ಸಲ ಊರಿಗೆ ಹೋದಾಗ ಅವ್ವ ಅದೇ ಹಿಟ್ಟಿನಲ್ಲಿ ಎಲ್ಲರಿಗೂ ಮುದ್ದೆ ತಿರುವಿ, ನನಗೆಂದು ಎರಡು ರೊಟ್ಟಿ ತಟ್ಟಿದಳು. ಎರಡನ್ನೂ ತಿಂದೆ.

ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ: ನಿಮ್ಮ ಪಂಕ್ತಿಯಲ್ಲಿ ಯಾರಾದರೂ ದಿನವೂ ಒಂದೇ ಬಗೆಯನ್ನು ತಿಂದು ಏಳುತ್ತಿದ್ದರೆ, ಹೆಸರಿಡುವ ಮೊದಲು, ವೈದ್ಯರನ್ನು ಕಂಡೆಯಾ ಎಂದು ಕೇಳಿರಿ. ಜೊತೆಗೆ ಬರುತ್ತೇನೆ ಎಂದರೆ ಇನ್ನೂ ಒಳ್ಳೆಯದು.